ಗಿಟಾರ್ ಸ್ವಲ್ಪ ಕಮ್ಮಿ ಮಾಡ್ಲೇ: ಬ್ಯಾಂಡ್ ಹುಡುಗನ ಒಂದು ಆಪ್ತಸಲಹೆ ಪ್ರಕರಣ

ಗುರ್ತು ಸಿಗಬಾರದಂತ ಕೆಲವೊಂದು ವಿವರ ಬದಲಿ ಮಾಡೀನಿ, ಬರೀಲಿಕ್ಕೆ ಅವನ ಒಪ್ಪಿಗಿನೂ ತಗೊಂಡೀನಿ. ಬ್ಯಾಂಡಿನ ಮಂದೀನ್ನ ವಾದ್ಯದ ಹೆಸರಿಲೇನ ಕರೀತೀನಿ, ಹೆಸರು ಯಾರದೂ ಇಲ್ಲ.

ಹುಡುಗ ಇಪ್ಪತ್ತಾರು ವಯಸ್ಸಿನಾಂವ. ಬೆಳಗಾವಿ ಉದ್ಯಮಬಾಗದಾಗ ಒಂದು ಮಷಿನ್ ಶಾಪ್‌ನಾಗ ಸಿಎನ್‌ಸಿ (ಕಂಪ್ಯೂಟರ್ ನಡಸೂ ಮಷಿನ್) ಆಪರೇಟರ್, ಟಿಳಕವಾಡಿ ಕಡೆ ಭಾಡಿಗಿ ಮನಿ, ಮನ್ಯಾಗ ಅವ್ವ ಮತ್ತ ಅಂವ ಇಬ್ಬರ. ಐದು ಮಂದಿ ಸೇರಿ ಒಂದು ರಾಕ್ ಬ್ಯಾಂಡ್ ಮಾಡ್ಯಾರ, ಯಾರಿಗೂ ಅದು ಹೊಟ್ಟಿಪಾಡಲ್ಲ, ಇಂವ ರಿದಮ್ ಗಿಟಾರ್. ತಾವ ಬರದ ಒಂದು ಕನ್ನಡ ಹಾಡು ಡ್ರಮ್ಮರನ ಮನಿ ಮ್ಯಾಲಿನ ಖೋಲ್ಯಾಗ ಗೋಡಿಗೆಲ್ಲ ಕೌದಿ ಜೋತು ಬಿಟ್ಟು ರೆಕಾರ್ಡ್ ಮಾಡಿದ್ರು, ಸ್ಟುಡಿಯೋಕ್ಕ ಕೊಡಾಕ ರೊಕ್ಕ ಇರಲಿಲ್ಲ, ಹಿಂಗಾಗಿ ಮಿಕ್ಸಿಂಗ್, ಅಂದ್ರ ರೆಕಾರ್ಡ್ ಆದ ದನಿ, ವಾದ್ಯ ಎಲ್ಲಾ ಹದಾ ನೋಡಿ ಕೂಡಸೂ ಕೆಲಸ, ಇವನ ಕೊಳ್ಳಿಗೆ ಬಿತ್ತು. ಯೂಟ್ಯೂಬ್ ನೋಡಿ ಕಲತಾನ, ರೀಪರ್ ಸಾಫ್ಟ್‌ವೇರು, ಒಂದು ಹೆಡ್‌ಫೋನು, ಇಷ್ಟ ಸಾಮಾನು.

ಆಪ್ತಸಲಹೆಗೆ ನನ್ನ ಕಡೆ ಕರ್ಕೊಂಡು ಬಂದಾಕಿ ಅವನ ಅಕ್ಕ. ರಾತ್ರಿ ಮೂರರತನಕ ಒಂದ ಹಾಡು ಹಚ್ಚಿಕೊಂಡು ಕುಂದರತಾನ್ರಿ, ಅದೂ ಪೂರಾ ಹಾಡಲ್ಲ, ಅದ ನಾಕು ಸೆಕೆಂಡ್ ತಿರುಗಾಮುರಗಾ, ಊಟಕ್ಕ ಕರದ್ರ ಅವ್ವನ ಮ್ಯಾಲ ಹರಿಹಾಯ್ತಾನ, ಗೆಳ್ಯಾರ ವಾಟ್ಸ್ಯಾಪ್ ಗ್ರೂಪ್ ಬಿಟ್ಟು ಹೊರಗ ಬಂದಾನ, ಕಂಪನ್ಯಾಗ ಒಂದು ಜಾಬ್ (ಮಷಿನ್ ಮ್ಯಾಲ ಮಾಡೂ ಸಾಮಾನು) ಕೆಡಿಸಿ ರಿಜೆಕ್ಟ್ ಮಾಡ್ಕೊಂಡು ಬೈಸ್ಕೊಂಡಾನ ಅಂತ ಆಕಿ ಹೇಳಿದ್ಲು. ಆಕಿನ್ನ ಹೊರಗ ಕುಂದರಿಸಿ ಅವನ ಜೋಡಿ ಮಾತಾಡಿದೆ. ನಿದ್ದಿ, ಊಟ, ದಾರೂ ಎಲ್ಲಾ ಕೇಳಿದ ಮ್ಯಾಲ ಸಾಯಬೇಕು ಅನ್ನೂ ವಿಚಾರ ಬರತೈತೇನು ತಮ್ಮಾ ಅಂತ ನೇರನ ಕೇಳಿದೆ. ಇದನ್ನ ಕೇಳಾಕ ಭಾಳ ಮಂದಿ ಹೆದರತಾರ, ಕೇಳಿದ್ರ ಅಂಥಾ ವಿಚಾರ ಹೊಸದಾಗಿ ಹುಟ್ಟೂದಿಲ್ಲ. "ಹಂಗೇನಿಲ್ರಿ ಮೇಡಂ, ಗಿಟಾರ್ ಮಾರಬೇಕು ಅನಸ್ತೈತಿ ಅಷ್ಟ" ಅಂದ. ಹಂಗೇನರ ಅನಸಿದ್ರ ರಾತ್ರಿ ಎಷ್ಟೊತ್ತಿದ್ರೂ 14416ಕ್ಕ ಫೋನ್ ಹಚ್ಚು, ಟೆಲಿ ಮಾನಸ್ ಅಂತ ಸರಕಾರದ್ದ ಐತಿ, ಕನ್ನಡದಾಗ ಮಾತಾಡತಾರ, ರೊಕ್ಕ ಇಲ್ಲ ಅಂತ ಹೇಳಿ ನಂಬರ್ ಬರದು ಕೊಟ್ಟೆ.

ಆಮ್ಯಾಲ ವಿಷಯಕ್ಕ ಬಂದ್ವಿ. ಮೊದಲನೇ ಮಿಕ್ಸ್ ಗ್ರೂಪಿಗೆ ಹಾಕಿ "ಹೆಂಗೈತಿ?" ಅಂತ ಕೇಳ್ಯಾನ. ಬೇಸ್ (ಕೆಳಗಿನ ಸ್ವರದ ಗಿಟಾರ್) ಬಾರಸಾಂವ ಬೇಸ್ ಕೇಳವಲ್ದು ಅಂದಾನ. ಡ್ರಮ್ಮರ್ ಸ್ನೇರ್ (ಚಟ್ ಅನ್ನೂ ಸಣ್ಣ ಡ್ರಮ್) ಡಬ್ಬಿ ಬಡದಂಗ ಆಗೇತಿ ಅಂದಾನ. ಹಾಡಾಕಿ ಇದು ನನ್ನ ದನಿನ ಅಲ್ಲ ಅಂತ ಬರದಾಳ, ಲೀಡ್ ಗಿಟಾರಿನಾಂವ ಸೋಲೋ ಹಿಂದ ಹೋಗೇತಿ, ನಿನ್ನ ಗಿಟಾರ್ ಸ್ವಲ್ಪ ಕಮ್ಮಿ ಮಾಡ್ಲೇ ಅಂತ ಹಾಕ್ಯಾನ. ಇಂವ ಏನ್ ಮಾಡಿದ, ಎಲ್ಲಾರದೂ ಒಂದೊಂದು ಏರಿಸಿದ. ಬೇಸ್ ಏರಿತು, ಅದರಾಗ ಕಿಕ್ (ಕಾಲಿಲೆ ಬಾರಸೂ ದೊಡ್ಡ ಡ್ರಮ್) ಮುಳುಗಿತು, ಕಿಕ್ ಏರಿಸಿದ, ಆವಾಗ ದನಿ ಕೆಳಗ ಹೋತು, ದನಿ ಏರಿಸಿದ, ಕಡೀಕ ಎಲ್ಲಾ ಕೂಡೂ ಮಾಸ್ಟರ್‌ನಾಗ ಮೀಟರ್ ಕೆಂಪಾಗಿ, ಮಿತಿ ಮೀರದಂಗ ಸಪ್ಪಳ ತಡಿಯೂ ಲಿಮಿಟರ್ ಹಾಕಿ ಒತ್ತಿದ, ಹಾಡೆಲ್ಲ ಹಾಸಿ ಇಸ್ತ್ರಿ ಮಾಡಿದಂಗ ಚಪ್ಪಟಿ ಆತು. ಮತ್ತ ಕಳಿಸಿದ್ರ "ಮೊದಲಿನದ ಚೊಲೋ ಇತ್ತು ನೋಡು" ಅಂತ ಒಬ್ಬಾಂವ ಅಂದ. ಅವತ್ತ ಗ್ರೂಪ್ ಬಿಟ್ಟ.

ಆ ಮೆಸೇಜ್ ಎಲ್ಲಾ ತಗಿ ಅಂದೆ. ಒಂದು ಹಾಳಿ ಮ್ಯಾಲ ನಡುವ ಗೆರಿ ಎಳದು ಎಡಕ್ಕ ಅವರು ಬರದದ್ದು ಇದ್ದದ್ದು ಇದ್ದಂಗ, ಬಲಕ್ಕ ನೀ ಓದಿಕೊಂಡಿದ್ದು ಬರಿ ಅಂತ ಹೇಳಿದೆ. ಎಡಕ್ಕ "ಗಿಟಾರ್ ಸ್ವಲ್ಪ ಕಮ್ಮಿ ಮಾಡ್ಲೇ". ಬಲಕ್ಕ ಅಂವ ಬರದದ್ದು "ಮಿಕ್ಸಿಂಗ್ ಕೈಯಾಗ ಐತಿ ಅಂತ ನಿಂದ ನೀ ಮುಂದ ಇಟ್ಟೀದಿ, ನೀ ಇಲ್ಲದಿದ್ರೂ ಬ್ಯಾಂಡ್ ನಡೀತೈತಿ". ಬರದು ಮುಗಿಸಿ ತಾನ ಹೊಳ್ಳಿ ಓದಿದ, ಸುಮ್ಮನ ಕುಂತ. ಕಮ್ಮಿ ಮಾಡು ಅಂದಿದ್ದು ಒಂದು ಫೇಡರಿನ, ಅಂದ್ರ ಸಪ್ಪಳ ಏರಿಸೂ ಇಳಿಸೂ ಗುಂಡೀದ, ಸುದ್ದಿ, ಉಳದದ್ದೆಲ್ಲ ಇವನ ತಲ್ಯಾಗ ಬೆಳದಿದ್ದು. ಆದ್ರ ಗಿಟಾರ್ ಖರೇನ ಜಾಸ್ತಿ ಇತ್ತೇನು ಅಂತನೂ ಕೇಳಿದೆ, ಯಾಕಂದ್ರ ಬಂದಾಂವಗ ಸಮಾಧಾನ ಆಗಲಿ ಅಂತ ಎಲ್ಲಾ ಟೀಕೆನೂ ಸುಳ್ಳು ಅನ್ನೂದು ನನಗ ಸೇರೂದಿಲ್ಲ. "ಇತ್ರಿ, ಎರಡು ಸಲ ಬಾರಿಸಿ ಎಡಕ್ಕೊಂದು ಬಲಕ್ಕೊಂದು ಇಟ್ಟಿದ್ದೆ, ದನಿ ಇರೂ ಜಾಗಾಕ್ಕ ಅದು ಬಂದು ಕುಂತಿತ್ತು" ಅಂತ ತಾನ ಒಪ್ಪಿಕೊಂಡ. ಒಪ್ಪಿಕೊಳ್ಳೂದು ಅವಂಗ ಕಷ್ಟ ಇರಲಿಲ್ಲ, ಅದರ ಹಿಂದ ಬೇಡಾದವ ಅನ್ನೂ ಅರ್ಥ ಹಚ್ಚಿಕೊಂಡಿದ್ದಕ್ಕ ಅಷ್ಟು ತ್ರಾಸ ಆಗಿತ್ತು.

ಇನ್ನ ಕಿವಿ ಸುದ್ದಿ, ಇದರ ಮ್ಯಾಲ ನಾವು ಭಾಳ ಹೊತ್ತು ಮಾತಾಡಿದ್ವಿ. ಹಾಡಾಕಿ ಡ್ರಮ್ಮಿನ ಸಿಂಬಲ್ (ತಾಳದಂಥಾ ತಟ್ಟಿ) ಕಿವಿ ಕೊರೀತಾವ ಅಂತ ಮತ್ತ ಮತ್ತ ಹೇಳಿದ್ರೂ ಇವಂಗ ಅದು ಕೇಳಸೂದಿಲ್ಲ, ಉಲ್ಟಾ ಸಿಂಬಲ್ ಮಂಕ ಅನಸಿ ಟ್ರೆಬಲ್, ಅಂದ್ರ ಮೇಲಿನ ಸ್ವರ, ಏರಿಸ್ಯಾನ. ದಿನಾ ಎಂಟು ತಾಸು ಮಷಿನ್ ಮುಂದ, ಇಯರ್‌ಪ್ಲಗ್ ಕೊಟ್ಟಾರ, ಹಾಕೂದಿಲ್ಲ, ಮನೀಗೆ ಬಂದು ಅದ ಕಿವಿ ಮ್ಯಾಲ ಹೆಡ್‌ಫೋನ್ ಜೋರು. ಗಣಪತಿ ವಿಸರ್ಜನೆ ರಾತ್ರಿ ಡಾಲ್ಬಿ (ದೊಡ್ಡ ಸ್ಪೀಕರ್ ಸೆಟ್ಟು) ಮುಂದ ಕುಣದು ಬಂದ ಮ್ಯಾಲ ಕಿವ್ಯಾಗ ಗುಂಯ್ ಅಂತೈತಿ, ಮಾತೆಲ್ಲ ದೂರಿಂದ ಬಂದಂಗ ಅನಸ್ತೈತಿ, ಬೆಳಗಾವ್ಯಾಗ ಬೆಳದಾಂವಗ ಇದನ್ನ ಬಿಡಿಸಿ ಹೇಳೂದು ಬ್ಯಾಡ. ಗದ್ದಲದಾಗ ದಣದ ಕಿವಿಗೆ ಮೊದಲ ಮೇಲಿನ ಸ್ವರನ ಕಮ್ಮಿ ಆಗತಾವ. 85 ಡೆಸಿಬಲ್‌ಕ್ಕ ಎಂಟು ತಾಸು ಅನ್ನೂದು ಕೆಲಸದ ಜಾಗಾದಾಗ ಸಾಮಾನ್ಯವಾಗಿ ಹೇಳೂ ಮಿತಿ, ಕೆಲಸಗಾರರ ಆರೋಗ್ಯದ ಸಂಶೋಧನೆ ಮಾಡೂ ಅಮೆರಿಕದ ನಿಯೋಶ್ ಸಂಸ್ಥೆ ಲೆಕ್ಕದ ಪ್ರಕಾರ ಪ್ರತಿ 3 ಡೆಸಿಬಲ್ ಏರಿದಂಗ ಆ ಹೊತ್ತು ಅರ್ಧ ಆಗತೈತಿ, 88ಕ್ಕ ನಾಕು ತಾಸು, 91ಕ್ಕ ಎರಡು. ಶಿಫ್ಟ್ ಮುಗಿಸಿ ಬಂದ ದಿನ ಟ್ರೆಬಲ್ ಮುಟ್ಟಬ್ಯಾಡ, ಸುಟ್ಟಿ ದಿನ ಮುಂಜಾನೆ ಮಾಡು, ಇಬ್ಬರು ಮಾತಾಡೂ ಅಷ್ಟ ದನಿಗಿಟ್ಟು ಕೇಳು, ತಾಸಿಗೊಮ್ಮೆ ಎದ್ದು ಹೋಗು ಅಂದೆ. ಇಎನ್‌ಟಿ ಡಾಕ್ಟರ್ ಕಡೆ ಆಡಿಯೋಗ್ರಾಮ್, ಅಂದ್ರ ಕಿವಿ ಎಷ್ಟು ಕೇಳಸ್ತೈತಿ ಅನ್ನೂ ಪರೀಕ್ಷೆ, ಒಮ್ಮೆ ಮಾಡಿಸು ಅಂದೆ, ನಾ ಕಿವಿ ಡಾಕ್ಟರ್ ಅಲ್ಲ. ಇಯರ್‌ಪ್ಲಗ್ ಮಾತ್ರ ನಾಳಿಂದನ.

ಬ್ಯಾಂಡಿನವರು ಹೇಳಿದ್ದನ್ನ ಹೆಂಗ ತಗೋಬೇಕು ಅನ್ನೂದರಾಗ ತಾಂತ್ರಿಕ ಮಾತೆಲ್ಲ ಅವನ ಬಾಯಿಂದನ ಬಂತು, ನಾ ಕೇಳಕೋತ ಹೋದೆ ಅಷ್ಟ. ಬೇಸಿನಾಂವ ಎದರಾಗ ಕೇಳ್ಯಾನ? ಮೊಬೈಲ್ ಸ್ಪೀಕರಿನ್ಯಾಗ. ಬೇಸ್ ಗಿಟಾರಿನ ದಪ್ಪ ತಂತಿ ಸುಮಾರು 41 ಹರ್ಟ್ಸ್, ಮೊಬೈಲಿನ ಸಣ್ಣ ಸ್ಪೀಕರಿಗೆ ಅಷ್ಟು ಕೆಳಗಿಂದು ಹೊರಗ ಹಾಕಾಕ ಆಗೂದಿಲ್ಲ, ಹಂಗಾದ್ರ ಫೇಡರ್ ಏರಿಸಿ ಏನುಪಯೋಗ? ಹಾಡಾಕಿ ಯಾಕ ನನ್ನ ದನಿ ಅಲ್ಲ ಅಂದಾಳು? ನಮ್ಮ ದನಿ ನಮಗ ಗಾಳಿಯಿಂದನೂ ಬುರಡಿ ಎಲುಬಿನಿಂದನೂ ಕೇಳಸ್ತೈತಿ, ರೆಕಾರ್ಡಿಂಗ್‌ನಾಗ ಎಲುಬಿಂದು ಇರೂದಿಲ್ಲ, ಹಿಂಗಾಗಿ ತೆಳ್ಳಗ ಅನಸ್ತೈತಿ, ಅದಕ್ಕ ಸ್ವರ ಏರಿಸಿ ಇಳಿಸೂ ಈಕ್ವಲೈಜರ್‌ನಾಗ ಔಷಧ ಇಲ್ಲ, ಆಕಿ ನಾಕು ಸಲ ಕೇಳಿ ರೂಢಿ ಮಾಡ್ಕೋಬೇಕು. ಡ್ರಮ್ಮರ್ ಮಾತ್ರ ಸರಿ ಹೇಳ್ಯಾನಂತ, ಸ್ನೇರ್ ಖರೇನ ಡಬ್ಬಿ. ಒಬ್ಬೊಬ್ಬರು ತಂತಮ್ಮ ವಾದ್ಯ ಹುಡುಕ್ಯಾರ, ಹಾಡು ಯಾರೂ ಕೇಳಿಲ್ಲ, ಅವರ ತಪ್ಪೂ ಅಲ್ಲ, "ಹೆಂಗೈತಿ" ಅಂತ ಕೇಳಿದ್ರ ಬರೂ ಉತ್ತರ ಹಂಗ ಇರತಾವ.

ಅವಂಗ ಹೇಳಿದ್ದು ಇಷ್ಟು. ಗ್ರೂಪಿನ್ಯಾಗ ಫೈಲ್ ಹಾಕೂದು ಬಂದ್. ಐವರೂ ಒಂದ ಖೋಲ್ಯಾಗ ಒಂದ ಸ್ಪೀಕರ್ ಮುಂದ ಕುಂದರ್ರಿ. ಎಷ್ಟನೇ ನಿಮಿಷಕ್ಕ ಏನು ಅನಸ್ತು ಅನ್ನೂದಷ್ಟ ಅವರು ಹೇಳಲಿ, ಯಾವ ಗುಂಡಿ ಎಷ್ಟು ತಿರುವಬೇಕು ಅನ್ನೂದು ನಿನಗ ಬಿಟ್ಟಿದ್ದು. ತನ್ನ ವಾದ್ಯದ ಬಗ್ಗೆ ಯಾರೂ ಮೊದಲ ಮಾತಾಡಬಾರದು, ನೀನೂ. ಹಳೇದು ಹೊಸದು ಎರಡೂ ಹಚ್ಚು, ಹೆಸರು ಹೇಳಬ್ಯಾಡ, ಮುಖ್ಯ ಅಂದ್ರ ಎರಡರದೂ ದನಿಮಟ್ಟ ಒಂದ ಇರಲಿ, ಯಾಕಂದ್ರ ಒಂದು ಡಿಬಿ (ಡೆಸಿಬಲ್) ಜೋರಿದ್ರೂ ಅದ ಚೊಲೋ ಅನಸ್ತೈತಿ. ಇದನ್ನ ನಾ ಹೇಳಿದ ಕೂಡ್ಲೇ ಅಂವ ನಕ್ಕ, ಇದು ಅವಂಗ ಗೊತ್ತಿದ್ದದ್ದ, ಸ್ಪಾಟಿಫೈ ತಾನ ಎಲ್ಲಾ ಹಾಡಿನ ಜೋರು, ಅದನ್ನ ಅಳಿಯೂ ಲೆಕ್ಕದಾಗ, ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗೆ ತಂದು ನಿಂದರಸ್ತೈತ್ರಿ, ನಾ ಒತ್ತಿ ಒತ್ತಿ ಜೋರು ಮಾಡಿದ್ದೆಲ್ಲ ದಂಡ ಅಂದ. ಕಡೇ ಮಾತು ಯಾರದು ಅಂತ ಕುಂದರೂದಕ್ಕ ಮೊದಲ ಠರಾಯಿಸ್ರಿ, ಮುಗಿಸೂ ತಾರೀಖೂ ಹಾಕ್ರಿ.

ಅಕ್ಕಗೂ ಒಂದು ಮಾತು ಹೇಳಬೇಕಾತು. "ಆ ಹುಚ್ಚು ಬಿಡೋ" ಅನ್ನೂದು ಸ್ವಲ್ಪ ನಿಂದರಸ್ರಿ, ಅವಂಗ ಕಂಪನಿ ಹೊರಗ ಗೆಳ್ಯಾರು ಅಂತ ಇರೂದು ಆ ನಾಕು ಮಂದಿನ, ಊಟದ ಹೊತ್ತಿಗೆ ಕರೀರಿ, ಹಾಡಿನ ಸುದ್ದಿ ಮಾತ್ರ ತಗೀಬ್ಯಾಡ್ರಿ.

ಗ್ರೂಪಿಗೆ ಹೊಳ್ಳಿ ಹೋಗೂದು ಅವಂಗ ನಾಚಿಕಿ ಆಗಿತ್ತು. ಉದ್ದ ಕ್ಷಮಾಪಣೆ ಬರಕೊಂಡು ಬಂದಿದ್ದ, ಅದನ್ನ ತಗದು ಒಂದ ಸಾಲು ಇಟ್ವಿ: "ಸಿಟ್ಟಿನಾಗ ಬಿಟ್ಟಿದ್ದೆ, ಐತವಾರ ಎಲ್ಲಾರೂ ಕೂಡಿ ಕೇಳೂನು". ಡ್ರಮ್ಮರ್ ಹತ್ತು ನಿಮಿಷದಾಗ ಬಾರಪಾ ಅಂದನಂತ.

ಕುಂತು ಕೇಳಿದಾಗ ಮಟ್ಟ ಸರಿಮಾಡಿದ ಮ್ಯಾಲ ಎರಡರಾಗ ಹಳೇದನ್ನ ನಾಕು ಮಂದಿ ಆರಿಸಿದ್ರು, ಐದನೇದಾಂವ ಲೀಡ್ ಗಿಟಾರಿನಾಂವ. ಇವಂಗ ಇದು ಖುಷಿನ ಕೊಟ್ಟಿತು ಅಂತೇನಿಲ್ಲ, ಅಷ್ಟು ರಾತ್ರಿ ಕೆಟ್ಟಿದ್ದು ಯಾಕ ಅಂತ ನನ್ನ ಮುಂದ ಸಿಟ್ಟಾದ, ಆಗಬೇಕಾದ್ದ. ಹಳೇ ಮಿಕ್ಸ್ ತಗೊಂಡು ತನ್ನ ಗಿಟಾರ್ ಎರಡು ಡಿಬಿ ಇಳಿಸಿ, ದನಿ ಒಂದು ಏರಿಸಿ, ಸ್ನೇರಿನ ಡಬ್ಬಿ ಸಪ್ಪಳ ತಗದು ಮುಗಿಸ್ಯಾನ. ಲೀಡ್ ಗಿಟಾರಿನಾಂವ ಇನ್ನೂ ಮಾರಿ ಗಂಟು ಹಾಕ್ಕೊಂಡ ಅದಾನ, ಅವನ ಜೋಡಿ ಒಬ್ಬನ ಕುಂತು ಚಾ ಕುಡದು ಮಾತಾಡು, ಹಾಡಿನ ಬಗ್ಗೆ ಅಲ್ಲ ಅಂತ ಹೇಳಿ ಕಳಿಸೀನಿ. ನಿದ್ದಿ ಹನ್ನೆರಡಕ್ಕ ಬಂದೈತಿ. ಆಡಿಯೋಗ್ರಾಮ್ ಇನ್ನೂ ಮಾಡಿಸಿಲ್ಲ, ಮುಂದಿನ ಸಲ ಬರೂವಾಗ ರಿಪೋರ್ಟ್ ತಗೊಂಡ ಬಾ ಅಂದೀನಿ.