ಮನೆಯ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಬೆಂಗಳೂರಿನ ಮೇಲೆ ಸಲೀಸಾಗಿ ಹಾರುವುದು ಹೇಗೆ?

ಬೆಂಗಳೂರಿನ ಮೇಲೆ ಬಂದಾಗ ಚಿತ್ರ ತಡವರಿಸುತ್ತದೆ, ವಿಮಾನವೂ ಓಲಾಡುತ್ತದೆ ಅಂತ ಕೇಳಿದ್ದೀರಿ. ಹೊಸ ಗ್ರಾಫಿಕ್ಸ್ ಕಾರ್ಡ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ಊರಿನ ಮೇಲೆ ಕಟ್ಟಡಗಳು ಜಾಸ್ತಿ, ಹೊರೆ ಹೆಚ್ಚಾಗಿ ಬೀಳೋದು ಪ್ರೊಸೆಸರ್ ಮೇಲೆ. ದೂರದ ನೆಲದ ವಿವರ ಇಳಿಸಿ, ಫ್ರೇಮ್ ರೇಟನ್ನು (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) 30ಕ್ಕೆ ಕಟ್ಟಿಹಾಕಿ. 25ಕ್ಕೂ 50ಕ್ಕೂ ಜಿಗಿಯುವುದಕ್ಕಿಂತ ಒಂದೇ ಸಮನಾದ 30 ಕಣ್ಣಿಗೆ ಹಿತ.

ಓಲಾಟಕ್ಕೆ ಜಾಯ್‌ಸ್ಟಿಕ್ ಸೆಟ್ಟಿಂಗ್ ನೋಡಿ. ನಡುವಿನ ಸೆನ್ಸಿಟಿವಿಟಿ ಕಡಿಮೆ ಮಾಡಿ, ಚೂರೇ ಚೂರು ಡೆಡ್ ಝೋನ್ (ಕಡ್ಡಿ ಅಲುಗಿದರೂ ವಿಮಾನ ಸ್ಪಂದಿಸದ ನಡುವಿನ ಜಾಗ) ಕೊಡಿ.

ಇನ್ನು ನನಗೆ ತುಂಬಾ ಇಷ್ಟವಾದ ವಿಷಯ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ ಅಲ್ವಾ? ದೇವನಹಳ್ಳಿಯ ರನ್‌ವೇ ಮೇಲೆ ಸೆಸ್ನಾ 172 ಎಂಬ ಪುಟ್ಟ ವಿಮಾನ ಸುಮ್ಮನೆ ನಿಂತಿದ್ದರೂ ಆಲ್ಟಿಮೀಟರ್ (ಸಮುದ್ರಮಟ್ಟದಿಂದ ಎತ್ತರ ತೋರಿಸುವ ಮೀಟರ್) ಸುಮಾರು 3000 ತೋರಿಸುತ್ತದೆ. ಮೊದಮೊದಲು ನಾನು ಇದನ್ನು ಮರೆತು, ಮುಳ್ಳು 3500ಕ್ಕೆ ಬಂದಾಗ 'ಇನ್ನೂ ಎಷ್ಟೊಂದು ಎತ್ತರ ಇದೆ' ಅಂದುಕೊಂಡೆ. ನೆಲ ಇದ್ದದ್ದು ಬರೀ 500 ಅಡಿ ಕೆಳಗೆ! ಇಳಿಯುವಾಗ ಪ್ರತಿ ನಾಟಿಕಲ್ ಮೈಲಿಗೆ (ಸುಮಾರು 1.85 ಕಿ.ಮೀ.) ಸುಮಾರು 300 ಅಡಿ ಲೆಕ್ಕ ಹಿಡಿಯಿರಿ. ಅಂದರೆ ರನ್‌ವೇ 3 ನಾಟಿಕಲ್ ಮೈಲಿ ದೂರ ಇರುವಾಗ ಮುಳ್ಳು 3900ರ ಹತ್ತಿರ ಇರಬೇಕು.

ಒಂದು ಬೆಳಗ್ಗೆ ಉತ್ತರಕ್ಕೆ ತಿರುಗಿ ನಂದಿ ಬೆಟ್ಟ ಸುತ್ತಿ ಬನ್ನಿ. ಅದರ ನೆತ್ತಿ ಸುಮಾರು 4850 ಅಡಿ, ಆರು ಸಾವಿರಕ್ಕೆ ಏರಿ ಹೋಗಿ. ದುಡ್ಡು ಹಾಕದೆ ಶುರು ಮಾಡಬೇಕೆಂದರೆ ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರ್ ಉಚಿತವಾಗಿ ಸಿಗುತ್ತದೆ.