ದಾಲ್ಚಿನ್ನಿ ಎಲೆ ಎಣ್ಣೆ: ಮಂಡಿಗೆ, ಬಚ್ಚಲಿಗೆ, ಸೋಪಿಗೆ, ಮಲ್ಲಿಗೆಗೆ

ಅಕ್ಕ, 100 ಎಂ.ಎಲ್. ದಾಲ್ಚಿನ್ನಿ ಎಲೆ ಎಣ್ಣೆ ತಂದಿದ್ದೀರಿ. ಅತ್ತೆಯ ಮಂಡಿಗೆ ಹಚ್ಚಬಹುದಾ, ಸ್ನಾನದ ನೀರಿಗೆ ಹಾಕಬಹುದಾ, ಮನೆಯ ತೆಂಗಿನೆಣ್ಣೆ ಸೋಪಿಗೆ ಎಷ್ಟು, ಮಲ್ಲಿಗೆ ಗಿಡಕ್ಕೆ ಸಿಂಪಡಿಸಬಹುದಾ ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆಗೆ ಒಬ್ಬರು "ನ್ಯಾಚುರಲ್ ಅಲ್ವಾ, ಸೀದಾ ಹಚ್ಚಿ" ಅಂದಿದ್ದಾರೆ. ಹಾಗೆ ಮಾತ್ರ ಮಾಡ್ಬೇಡಿ ಮಾರಾಯ್ರೇ.

ಮೊದಲು ಲೇಬಲ್ ನೋಡಿ, ಎಲೆಯದ್ದಾ ತೊಗಟೆಯದ್ದಾ ಅಂತ. ಮರ ಒಂದೇ, ಎಣ್ಣೆ ಬೇರೆ. ಎಲೆ ಎಣ್ಣೆಯಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಯೂಜಿನಾಲ್, ಲವಂಗದ ಎಣ್ಣೆಯಲ್ಲಿ ಇರುವುದೂ ಅದೇ. ಹಾಗಾಗಿ ಪರಿಮಳವೂ ಚಕ್ಕೆಗಿಂತ ಲವಂಗಕ್ಕೆ ಹತ್ತಿರ. ತೊಗಟೆ ಎಣ್ಣೆಯಲ್ಲಿ ಜಾಸ್ತಿ ಇರುವುದು ಸಿನ್ನಮಾಲ್ಡಿಹೈಡ್, ಚರ್ಮಕ್ಕೆ ಅದು ಇನ್ನೂ ಖಾರ. ಅರೋಮಾಥೆರಪಿಯಲ್ಲಿ (ಪರಿಮಳದ ಎಣ್ಣೆಗಳ ಚಿಕಿತ್ಸೆ) ಮೈಗೆ ಹಚ್ಚಲು ಹೇಳುವ ಮಿತಿ ಎಲೆ ಎಣ್ಣೆಗೆ ಶೇ. 0.6, ತೊಗಟೆ ಎಣ್ಣೆಗೆ ಶೇ. 0.07. ಲೇಬಲ್‌ನಲ್ಲಿ ಬರೀ "ಸಿನ್ನಮನ್ ಆಯಿಲ್" ಅಂತ ಇದ್ದರೆ ಮೈಗೆ ಹಚ್ಚುವ ಯೋಚನೆಯೇ ಬೇಡ.

ಒಂದು ಸಣ್ಣ ಪರೀಕ್ಷೆ ಉಂಟು. ಗಾಜಿನ ಲೋಟದ ನೀರಿಗೆ ಒಂದು ಹನಿ ಬಿಟ್ಟು ಕಡ್ಡಿಯಲ್ಲಿ ಮೆಲ್ಲ ಒತ್ತಿ. ಈ ಎಣ್ಣೆ ನೀರಿಗಿಂತ ಭಾರ. ಹಳದಿ ಮಣಿಯ ಹಾಗೆ ಇಳಿದು ತಳದಲ್ಲಿ ಕೂರಬೇಕು. ಒತ್ತಿದರೂ ಮೇಲೆ ಬಂದು ತೇಲಿದರೆ ಟರ್ಪೆಂಟೈನೋ ಬೇರೆ ಎಣ್ಣೆಯೋ ಬೆರೆತಿರುವ ಸಾಧ್ಯತೆ ಜಾಸ್ತಿ. ಮುಳುಗಿತು ಅಂತ ಶುದ್ಧ ಅನ್ನಲಿಕ್ಕೂ ಆಗುವುದಿಲ್ಲ, ಲವಂಗದ ಎಣ್ಣೆಯೂ ಮುಳುಗುತ್ತದೆ.

ಬಚ್ಚಲಿನ ಪ್ರಶ್ನೆಗೂ ಇದರಲ್ಲೇ ಉತ್ತರ ಸಿಕ್ಕಿತು. ಬಕೆಟ್ ಬಿಸಿನೀರಿಗೆ ನಾಲ್ಕು ಹನಿ ಹಾಕಿದರೆ ಎಣ್ಣೆ ಕರಗುವುದಿಲ್ಲ, ತಳ ಸೇರುತ್ತದೆ. ಮೊದಲ ಹತ್ತು ಚೊಂಬು ಬರೀ ನೀರು, ಕೊನೆಯ ಚೊಂಬಿನಲ್ಲಿ ಹಸಿ ಎಣ್ಣೆ ಬೆನ್ನ ಮೇಲೆ. ಬಿಸಿಗೆ ಉರಿ ಇನ್ನೂ ಜಾಸ್ತಿ. ಸ್ನಾನಕ್ಕೆ ಬೇಡವೇ ಬೇಡ.

ಮಂಡಿಗೆ: 100 ಎಂ.ಎಲ್. ತೆಂಗಿನೆಣ್ಣೆಗೆ ಇದು ಅರ್ಧ ಎಂ.ಎಲ್., ಅಷ್ಟೇ. ಡ್ರಾಪರ್‌ನಲ್ಲಿ ಸುಮಾರು ಹತ್ತು ಹನಿ ಆಗುತ್ತದೆ, ಆದರೆ ಹನಿ ಲೆಕ್ಕ ನಂಬುವ ಹಾಗಿಲ್ಲ. ಮೆಡಿಕಲ್‌ನಲ್ಲಿ ಸಿಗುವ 1 ಎಂ.ಎಲ್. ಸಿರಿಂಜಿನ ಸೂಜಿ ತೆಗೆದು ಅಳೆಯಿರಿ. ಒಳಗಿನ ರಬ್ಬರ್ ಈ ಎಣ್ಣೆಗೆ ಉಬ್ಬುತ್ತದೆ, ಹಾಗಾಗಿ ಒಂದು ಸಲ ಬಳಸಿ ಎಸೆಯಿರಿ. ಮೊದಲು ಮೊಣಕೈ ಒಳಬದಿಗೆ ನಾಣ್ಯದಷ್ಟು ಜಾಗಕ್ಕೆ ಹಚ್ಚಿ ಎರಡು ದಿನ ಕಾಯಿರಿ. ಕೆಂಪಾದರೆ, ತುರಿಸಿದರೆ ಅಲ್ಲಿಗೇ ನಿಲ್ಲಿಸಿ. ಯೂಜಿನಾಲ್ ಅಲರ್ಜಿ ಒಮ್ಮೆ ಹತ್ತಿಕೊಂಡರೆ ಆಮೇಲೆ ಲವಂಗದ ಎಣ್ಣೆಗೂ ತುರಿಕೆ ಬರಬಹುದು. ಹಚ್ಚಿದ ಮೇಲೆ ಬಿಸಿ ಶಾಖ ಕೊಡುವುದು, ಬಟ್ಟೆ ಸುತ್ತಿ ಕಟ್ಟುವುದು ಬೇಡ. ಮುಖ, ಗಾಯ, ಚಿಕ್ಕ ಮಕ್ಕಳು, ಬಸುರಿಯರು – ಇಲ್ಲೆಲ್ಲ ಬೇಡ. ಅತ್ತೆ ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಡಾಕ್ಟ್ರನ್ನು ಕೇಳಿಯೇ ಹಚ್ಚಿ, ಯೂಜಿನಾಲ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವಂಥದ್ದು.

ಸೋಪಿಗೆ 1 ಕೆ.ಜಿ. ಎಣ್ಣೆಗೆ 5 ಗ್ರಾಂ ಧಾರಾಳ ಸಾಕು. ಎಡವಟ್ಟಾಗುವುದು ಪ್ರಮಾಣದಲ್ಲಲ್ಲ, ಹಾಕುವ ಹೊತ್ತಿನಲ್ಲಿ. ಯೂಜಿನಾಲ್ ಬಿದ್ದ ಕೂಡಲೇ ಸೋಪು ಗಟ್ಟಿಯಾಗಲು ಓಡುತ್ತದೆ. ಕಾಸ್ಟಿಕ್ ನೀರು ಬೆರೆಸಿ ಬ್ಲೆಂಡರ್ ಆಡಿಸುತ್ತಿರುವಾಗಲೇ ಸುರಿದರೆ ಪಾತ್ರೆಯಲ್ಲೇ ಉಪ್ಪಿಟ್ಟು. ಎರಡು ಚಮಚ ತೆಂಗಿನೆಣ್ಣೆ ಬೇರೆ ತೆಗೆದಿಟ್ಟು ಅದರಲ್ಲಿ ಇದನ್ನು ಬೆರೆಸಿ. ಮಿಶ್ರಣ ತೆಳು ಮಜ್ಜಿಗೆಯ ಹದಕ್ಕೆ ಬಂದಾಗ ಬ್ಲೆಂಡರ್ ನಿಲ್ಲಿಸಿ, ಈ ಎಣ್ಣೆ ಹೊಯ್ದು ಕೈ ಸೌಟಿನಲ್ಲಿ ನಾಲ್ಕು ಸುತ್ತು ತಿರುವಿ ತಕ್ಷಣ ಅಚ್ಚಿಗೆ ಸುರಿಯಿರಿ. ಅಚ್ಚು ಮೊದಲೇ ಪಕ್ಕದಲ್ಲಿರಲಿ. ಬಿಳಿ ಸೋಪಿನ ಆಸೆ ಬಿಡಿ, ದಿನ ಕಳೆದ ಹಾಗೆ ಕಂದು ಬಣ್ಣಕ್ಕೆ ತಿರುಗುತ್ತದೆ.

ಮಲ್ಲಿಗೆಗೆ ಖಂಡಿತ ಬೇಡ. ಹೊರದೇಶಗಳಲ್ಲಿ ಲವಂಗದ ಎಣ್ಣೆಯನ್ನು ಕಳೆನಾಶಕದಲ್ಲಿ ಹಾಕುವುದೇ ಎಲೆ ಸುಡಲಿಕ್ಕೆ, ಇದೂ ಅದೇ ಜಾತಿ. ಶಂಕರಪುರ ಮಲ್ಲಿಗೆಯ ಚಿಗುರು, ಮೊಗ್ಗಿನ ಮೇಲೆ ಬಿದ್ದರೆ ತುದಿ ಕರಟುತ್ತದೆ. ಮೊಗ್ಗು ಹುಳಕ್ಕೆ ಬೇವಿನೆಣ್ಣೆಯೇ ಇರಲಿ.

ಕಿಟಕಿ ಸಂದಿನ ಇರುವೆಗೆ ಚೆನ್ನಾಗಿ ಆಗುತ್ತದೆ. 100 ಎಂ.ಎಲ್. ಸರ್ಜಿಕಲ್ ಸ್ಪಿರಿಟ್‌ಗೆ 2 ಎಂ.ಎಲ್. ಹಾಕಿ ಕುಲುಕಿ, ಸಾಲಿನ ಉದ್ದಕ್ಕೂ ಬಟ್ಟೆಯಲ್ಲಿ ಒರೆಸಿ. ಪರಿಮಳ ಇರುವವರೆಗೆ ಮಾತ್ರ ಕೆಲಸ. ಒಲೆ ಹತ್ತಿರ ಬೇಡ, ವಾರ್ನಿಷ್ ಮಾಡಿದ ಮರದ ಮೇಲೂ ಬೇಡ, ಹೊಳಪು ಕಿತ್ತು ಬರುತ್ತದೆ. ಸೊಳ್ಳೆಗೆ ಮಾತ್ರ ಇದನ್ನೇ ನಂಬಿ ಕೂರಬೇಡಿ. ಮಲೇರಿಯಾ, ಡೆಂಗಿ ಇರುವ ನಮ್ಮೂರಿನ ಮಳೆಗಾಲಕ್ಕೆ ಸೊಳ್ಳೆಪರದೆಯೇ ಆಗಬೇಕು. ಕೋಣೆಗೆ ಪರಿಮಳ ಹರಡುವ ಡಿಫ್ಯೂಸರ್‌ಗೆ ಎರಡು ಹನಿ, ಅರ್ಧ ಗಂಟೆ, ಕಿಟಕಿ ತೆರೆದು. ಬೆಕ್ಕು ಇರುವ ಮನೆಯಲ್ಲಿ ಅದೂ ಬೇಡ, ಯೂಜಿನಾಲ್‌ನಂಥ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಲಿವರ್ ಸರಿಯಾಗಿ ಅರಗಿಸುವುದಿಲ್ಲ.

ಇಡುವುದು ಕಂದು ಗಾಜಿನ ಬಾಟಲಿಯಲ್ಲಿ, ತಿರುಗಿಸಿ ಮುಚ್ಚುವ ಮುಚ್ಚಳದೊಂದಿಗೆ. ರಬ್ಬರ್ ಬಲ್ಬಿನ ಡ್ರಾಪರ್ ಹಾಕಿಟ್ಟರೆ ರಬ್ಬರ್ ಮೆತ್ತಗಾಗಿ ಅಂಟಂಟಾಗುತ್ತದೆ, ಕಬ್ಬಿಣದ ಡಬ್ಬದಲ್ಲಿ ಎಣ್ಣೆ ಕಪ್ಪಾಗುತ್ತದೆ. ಕೈಗೆ ಹಸಿ ಎಣ್ಣೆ ತಾಗಿದರೆ ಮೊದಲು ತೆಂಗಿನೆಣ್ಣೆಯಲ್ಲಿ ಒರೆಸಿ, ಆಮೇಲೆ ಸೋಪು. ಕಣ್ಣಿಗೆ ಹಾರಿದರೆ ಹದಿನೈದು ನಿಮಿಷ ಬರೀ ನೀರು, ನಂತರ ಡಾಕ್ಟ್ರು. ಮಗು ಕುಡಿದರೆ ವಾಂತಿ ಮಾಡಿಸಬೇಡಿ, ಬಾಟಲಿ ಸಮೇತ ನೇರ ಆಸ್ಪತ್ರೆಗೆ. ದೇವರ ದೀಪದ ಎಣ್ಣೆಯ ಪಕ್ಕ ಇಡಬೇಡಿ, ಬಣ್ಣ ಒಂದೇ ಥರ ಕಾಣುತ್ತದೆ. ಪಾಯಸಕ್ಕೆ ಒಂದು ಹನಿ ಅಂತ ಕೇಳಿದವರಿಗೆ: ಮರದ ಎಲೆಯೇ ಹಾಕಿ, ಎಣ್ಣೆ ಬೇಡ.