ಹತ್ತಿರದ ದಾರಿಯಲ್ಲೇ ಚಳಿಗಾಲ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಚಳಿಗಾಲದ ನಡಿಗೆಯ ಬಗ್ಗೆಯೇ ಇದ್ದವು. ಓದಿ ತುಂಬಾ ಖುಷಿಯಾಯಿತು. ವರ್ಷವಿಡೀ ನಾನು ಕಾಯುವ ಕಾಲ ಇದು. ಕೆಲವು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 62 ವರ್ಷ. ಬೆಳಗ್ಗೆ ಐದೂವರೆಗೆ ವಾಕಿಂಗ್ ಹೋಗುವ ರೂಢಿ. ಚಳಿಗಾಲದಲ್ಲಿ ಆ ಹೊತ್ತಿಗೆ ಏಳುವುದೇ ಕಷ್ಟ, ಕತ್ತಲೆ ಬೇರೆ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಮನೆಯವರು ಮಾತ್ರ ‘ಬೆಳಗಿನ ಗಾಳಿ ಶುದ್ಧ, ತಪ್ಪಿಸಬೇಡ’ ಅನ್ನುತ್ತಾರೆ. ಏನು ಮಾಡಲಿ?
— ನಿವೃತ್ತ ಶಿಕ್ಷಕಿ

ಉತ್ತರ: ಮೇಡಂ, ನಡಿಗೆ ಬಿಡಬೇಡಿ. ಹೊತ್ತು ಬದಲಾಯಿಸಿ. ಬಿಸಿಲು ಬಿದ್ದ ಮೇಲೆ ಹೊರಡಿ.

ಬೆಳಗಿನ ಗಾಳಿ ಶುದ್ಧ ಅನ್ನುವ ಮಾತು ಚಳಿಗಾಲಕ್ಕೆ ಯಾವಾಗಲೂ ಹೊಂದುವುದಿಲ್ಲ. ಹಗಲಲ್ಲಿ ನೆಲ ಕಾಯುತ್ತದೆ, ಬಿಸಿ ಗಾಳಿ ಮೇಲೇರುತ್ತದೆ, ಅದರ ಜೊತೆ ಹೊಗೆ, ಧೂಳು ಚದುರಿ ಹೋಗುತ್ತವೆ. ಚಳಿಗಾಲದ ರಾತ್ರಿ ಮೋಡವಿಲ್ಲದಿದ್ದರೆ ನೆಲ ಬೇಗ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗಿ ಕೆಳಗೇ ಉಳಿಯುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿ ಮುಚ್ಚಳ ಹಾಕಿದ ಹಾಗೆ ಕೂರುತ್ತದೆ. ವಾಹನದ ಹೊಗೆ, ಕಸ ಸುಟ್ಟ ಹೊಗೆ ಎಲ್ಲ ಅದರಡಿಯಲ್ಲೇ ನಿಲ್ಲುತ್ತದೆ. ಬಿಸಿಲೇರಿ ನೆಲ ಕಾದ ಮೇಲೇ ಅದು ಕರಗುವುದು. ದೂರದ ರೈಲಿನ ಸದ್ದು ನಸುಕಿನಲ್ಲಿ ಜೋರಾಗಿ ಕೇಳುತ್ತದಲ್ಲ, ಅದಕ್ಕೂ ಇದೇ ಕಾರಣ. ಮೇಲಕ್ಕೆ ಹೋಗಬೇಕಾದ ಸದ್ದು ಬೆಚ್ಚಗಿನ ಪದರದಲ್ಲಿ ಬಾಗಿ ಮತ್ತೆ ನೆಲದ ಕಡೆಗೆ ಬರುತ್ತದೆ. ರೈಲು ಅಷ್ಟು ಹತ್ತಿರ ಕೇಳಿದ ದಿನ ನಾನು ಇನ್ನೊಂದು ಗಂಟೆ ಮನೆಯಲ್ಲೇ ಇರುತ್ತೇನೆ.

ಇನ್ನು ಬಿಪಿ. ಚಳಿಗೆ ರಕ್ತನಾಳಗಳು ಕುಗ್ಗುತ್ತವೆ, ಒತ್ತಡ ಏರುತ್ತದೆ. ಹಾಗಾಗಿ ಮನೆಯೊಳಗೇ ಸ್ವಲ್ಪ ಕೈಕಾಲು ಆಡಿಸಿ, ಮೈ ಬೆಚ್ಚಗಾದ ಮೇಲೆ ಹೊರಡಿ. ಮೊದಲ ಹತ್ತು ನಿಮಿಷ ನಿಧಾನವಾಗಿ ನಡೆಯಿರಿ. ಮೂಗಿನಿಂದಲೇ ಉಸಿರಾಡಿ, ಮೂಗಿನಲ್ಲಿ ಗಾಳಿ ಬೆಚ್ಚಗಾಗಿ ಒಳಗೆ ಹೋಗುತ್ತದೆ. ಬಾಯಾರಿಕೆ ಆಗದಿದ್ದರೂ ಬಂದ ಮೇಲೆ ನೀರು ಕುಡಿಯಿರಿ, ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದು ಕಡಿಮೆ. ಎದೆ ಬಿಗಿದಂತಾದರೆ ಅಲ್ಲೇ ನಿಲ್ಲಿಸಿ, ತಡಮಾಡದೆ ಡಾಕ್ಟರನ್ನು ಕಾಣಿ.

ಬಿಸಿಲಿನ ಹೊತ್ತಿಗೆ ಹೋದರೆ ಇನ್ನೊಂದು ಲಾಭ ಇದೆ. ಮೋಡ ಕವಿದ ಹಗಲಲ್ಲೂ ಹೊರಗೆ ಸಾವಿರಾರು ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕು ಇರುತ್ತದೆ. ಮನೆಯ ದೀಪದಡಿ ಸಾಮಾನ್ಯವಾಗಿ 100ರಿಂದ 500 ಅಷ್ಟೇ. ನಮ್ಮ ನಿದ್ದೆ, ಎಚ್ಚರಗಳನ್ನು ಸರಿಯಾದ ಹೊತ್ತಿಗೆ ತರುವುದು ಬೆಳಗಿನ ಆ ಬೆಳಕು. ಚಳಿಗಾಲದಲ್ಲಿ ಮನಸ್ಸು ಮಂಕಾಗುತ್ತದೆ ಎಂದು ಬರೆದ ಇನ್ನಿಬ್ಬರಿಗೂ ನಾನು ಇದನ್ನೇ ಹೇಳುತ್ತೇನೆ.

ಅಂದ ಹಾಗೆ, ‘ಡಿಸೆಂಬರ್ 22 ಕಳೆದರೆ ಬೇಗ ಬೆಳಗಾಗುತ್ತದೆ’ ಎಂದು ಕಾಯುವವರು ಬಹಳ. ಅದು ಅತಿ ಚಿಕ್ಕ ಹಗಲು, ನಿಜ. ಆದರೆ ಉತ್ತರ ಗೋಳಾರ್ಧದಲ್ಲಿ ಅತಿ ತಡವಾಗಿ ಸೂರ್ಯ ಹುಟ್ಟುವುದು ಆ ದಿನವಲ್ಲ, ಅದಾದ ಮೇಲೆ. ಜನವರಿಯಲ್ಲೂ ಬೆಳಗು ಇನ್ನೂ ಕತ್ತಲೆ ಅನ್ನಿಸಿದರೆ ನಿಮ್ಮ ಭ್ರಮೆ ಅಲ್ಲ.

ಪ್ರಶ್ನೆ: ಗೆಳೆಯರೆಲ್ಲ ರಜೆ ಬಂದರೆ ಬೆಟ್ಟ, ಕಾಡು ಅಂತ ಹೊರಡುತ್ತಾರೆ. ನನಗೆ ಅಷ್ಟು ಬಿಡುವಿಲ್ಲ. ಮನೆ ಹತ್ತಿರ ಇರುವುದು ಒಂದು ಸಣ್ಣ ಪಾರ್ಕು, ಅದರ ಪಕ್ಕ ಖಾಲಿ ಸೈಟು, ಒಂದು ಹಳೇ ಕಾಂಪೌಂಡು. ಇಲ್ಲಿ ನೋಡಲು ಏನಿದೆ?
— ಮನೆಯಿಂದಲೇ ಕೆಲಸ ಮಾಡುವವರು

ಉತ್ತರ: ನಿಮ್ಮ ಪತ್ರ ನೋಡಿ ನನಗೆ ಆಸೆಯೇ ಆಯಿತು. ಪಾರ್ಕು, ಖಾಲಿ ಸೈಟು, ಹಳೇ ಗೋಡೆ. ಒಂದು ಇಡೀ ಚಳಿಗಾಲಕ್ಕೆ ಇಷ್ಟು ಸಾಕು. ನನ್ನದು ಒಂದೇ ಮಾತು: ಹೊಸ ಜಾಗ ಹುಡುಕಬೇಡಿ, ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ. ಒಮ್ಮೆ ಹೋಗಿ ಬಂದ ಬೆಟ್ಟದಲ್ಲಿ ಏನು ಬದಲಾಯಿತು ಎಂದು ನಿಮಗೆ ಗೊತ್ತಾಗುವುದಿಲ್ಲ. ದಿನಾ ನೋಡುವ ಗೋಡೆಯಲ್ಲಿ ಗೊತ್ತಾಗುತ್ತದೆ.

ಮೊದಲು ಹುಲ್ಲು ನೋಡಿ. ಇಬ್ಬನಿ ಎಲ್ಲಿ ಬಿದ್ದಿದೆ, ಎಲ್ಲಿ ಇಲ್ಲ ಎಂದು ಗಮನಿಸಿ. ಬಯಲಿನ ಹುಲ್ಲು ತೊಯ್ದಿರುತ್ತದೆ. ದಟ್ಟ ಮರದ ಕೆಳಗಿನದು ಎಷ್ಟೋ ಸಲ ಒಣಗೇ ಇರುತ್ತದೆ. ಇಬ್ಬನಿ ಆಕಾಶದಿಂದ ಬೀಳುವುದಾದರೆ ಎಲೆ ತಡೆಯಿತು ಅನ್ನಬಹುದಿತ್ತು. ಆದರೆ ಅದು ಬೀಳುವುದಿಲ್ಲ, ಹುಲ್ಲಿನ ಮೇಲೇ ಹುಟ್ಟುತ್ತದೆ. ತೆರೆದ ಆಕಾಶದಡಿ ಎಸಳು ತನ್ನ ಶಾಖ ಕಳೆದುಕೊಂಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಹನಿಯಾಗುತ್ತದೆ. ಮರ ಆ ಶಾಖವನ್ನು ಅಷ್ಟು ಸುಲಭವಾಗಿ ಮೇಲೆ ಹೋಗಲು ಬಿಡುವುದಿಲ್ಲ.

ಈಗ ಇನ್ನೂ ಬಗ್ಗಿ. ಎಸಳಿನ ಮೈಮೇಲೆಲ್ಲ ಪುಡಿ ಪುಡಿ ಹನಿ ಇದ್ದರೆ ಅದು ಇಬ್ಬನಿ. ತುದಿಯಲ್ಲಿ ಮಾತ್ರ ಒಂದೇ ಒಂದು ದುಂಡು ಹನಿ ನಿಂತಿದ್ದರೆ ಅದು ಹೆಚ್ಚಾಗಿ ಹುಲ್ಲೇ ಹೊರಹಾಕಿದ ನೀರು. ಮಣ್ಣು ಹಸಿಯಿದ್ದಾಗ ಬೇರು ರಾತ್ರಿಯೆಲ್ಲ ನೀರು ಮೇಲಕ್ಕೆ ತಳ್ಳುತ್ತದೆ, ಎಲೆಯಿಂದ ಅದು ಆವಿಯಾಗಿ ಹೋಗುವುದು ಕಡಿಮೆ. ಉಳಿದ ನೀರು ತುದಿಯ ಸಣ್ಣ ರಂಧ್ರದಿಂದ ಹೊರಬರುತ್ತದೆ. ಇದು ಗೊತ್ತಾದ ಮೇಲೆ ನಾನು ಹುಲ್ಲಿನ ಮುಂದೆ ನಿಲ್ಲುವ ಹೊತ್ತು ಜಾಸ್ತಿಯಾಗಿದೆ.

ಮಂಜು ಕವಿದ ದಿನ ಖಾಲಿ ಸೈಟಿಗೆ ಹೋಗಲೇಬೇಕು. ಜೇಡರ ಬಲೆಗಳು ಅಲ್ಲಿ ದಿನವೂ ಇರುತ್ತವೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಹನಿ ಕಟ್ಟಿದಾಗ ಪ್ರತಿ ಎಳೆಯೂ ಕಾಣುತ್ತದೆ. ಪೊದೆಯ ಕೊಂಬೆಗಳ ನಡುವೆ ಚಕ್ರದಂಥವು, ಹುಲ್ಲಿನ ಮೇಲೆ ಹಾಸಿದಂಥವು, ಆಲಿಕೆಯ ಆಕಾರದವು ಎಲ್ಲ ಒಟ್ಟಿಗೆ ಸಿಗುತ್ತವೆ. ಬಿಸಿಲೇರಿದರೆ ಮತ್ತೆ ಮಾಯ. ಹಾಗಾಗಿ ಮಂಜಿದ್ದರೆ ಕೆಲಸಕ್ಕೆ ಕೂರುವ ಮುಂಚೆಯೇ ಒಂದು ಸುತ್ತು ಹೋಗಿ ಬನ್ನಿ.

ಗೋಡೆಯ ಮೇಲೆ ಬೂದು, ತಿಳಿಹಸಿರು ಮಚ್ಚೆಗಳಿವೆಯಾ? ಕಲೆ ಎಂದು ದಾಟಿ ಹೋಗಬೇಡಿ. ಅದು ಕಲ್ಲುಹೂವು. ಶಿಲೀಂಧ್ರವೂ ಪಾಚಿಯೂ ಕೂಡಿ ಒಂದೇ ಮೈಯಾಗಿ ಬಾಳುವ ಜೀವ. ಎಷ್ಟೋ ಬಗೆಯವು ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ. ಅಂಗೈ ಅಗಲದ ಮಚ್ಚೆ ಕಂಡರೆ ಅದರ ವಯಸ್ಸು ಊಹಿಸಿ ನೋಡಿ. ಯಾರಾದರೂ ಆ ಗೋಡೆಯನ್ನು ಉಜ್ಜಿ ಸುಣ್ಣ ಬಳಿಯಲು ಹೊರಟರೆ ನನಗಂತೂ ಸಂಕಟವಾಗುತ್ತದೆ.

ಎಲೆ ಉದುರಿದ ಮರಗಳಿದ್ದರೆ ತಲೆ ಎತ್ತಿ. ಹಿಂದಿನ ಋತುವಿನ ಹಕ್ಕಿಗೂಡುಗಳು ಕಾಣುವುದು ಈಗಲೇ. ಚಿಟ್ಟೆಗಳು ರೆಕ್ಕೆ ಅಗಲಿಸಿ ಬಿಸಿಲಿಗೆ ಕೂತಿರುತ್ತವೆ. ಹಾರುವ ಸ್ನಾಯು ಬೆಚ್ಚಗಾಗದೆ ಅವು ಏಳಲಾರವು, ನೀವು ಹತ್ತಿರದಿಂದ ನೋಡಬಹುದು. ಮೈಗೆ ನೆರಳು ಬೀಳಿಸಬೇಡಿ ಅಷ್ಟೇ.

ಸಂಜೆ ಹೋದರೆ ಕಿವಿಗೂ ಕೆಲಸ ಇದೆ. ಹುಲ್ಲಿನಲ್ಲಿ ಕಿರ್ ಕಿರ್ ಎನ್ನುವ ಚಿಮ್ಮಂಡೆ ಚಳಿ ಏರಿದಂತೆ ನಿಧಾನವಾಗುತ್ತದೆ. ಅಮೆರಿಕದ ಭೌತವಿಜ್ಞಾನಿ ಏಮಸ್ ಡಾಲ್ಬೇರ್ 1897ರಲ್ಲಿ ಅದರ ಸದ್ದನ್ನು ಎಣಿಸಿ ತಾಪಮಾನ ಹೇಳುವ ಸೂತ್ರವನ್ನೇ ಬರೆದ. ಜಾತಿಯಿಂದ ಜಾತಿಗೆ ಲೆಕ್ಕ ಬೇರೆಯಾಗುತ್ತದೆ. ನಿಮ್ಮ ಪಾರ್ಕಿನದಕ್ಕೆ ನೀವೇ ಒಂದು ಲೆಕ್ಕ ಮಾಡಿಕೊಳ್ಳಬಹುದು.

ಪ್ರಶ್ನೆ: ಚಳಿಗೆ ಯಾವ ಬಟ್ಟೆ ಒಳ್ಳೆಯದು? ದುಬಾರಿ ಜಾಕೆಟ್ ಬೇಕೇ?

ಉತ್ತರ: ಬೇಡ. ಒಂದು ದಪ್ಪ ಬಟ್ಟೆಗಿಂತ ಎರಡು ಮೂರು ತೆಳು ಬಟ್ಟೆ ಮೇಲು. ನಡುವೆ ನಿಲ್ಲುವ ಗಾಳಿಯೇ ಬೆಚ್ಚಗಿಡುವುದು, ಸೆಖೆಯಾದರೆ ಒಂದನ್ನು ಬಿಚ್ಚಲೂಬಹುದು. ಬೆವರಿ ಒದ್ದೆಯಾದ ಬಟ್ಟೆಯಲ್ಲಿ ಕೂರಬೇಡಿ. ಕಿವಿ ಮುಚ್ಚಿಕೊಳ್ಳಿ.

ಪ್ರಶ್ನೆ: ಮಗಳಿಗೆ ಎಂಟೂವರೆ, ಮಗನಿಗೆ ಹನ್ನೆರಡು. ವಾಕಿಂಗ್ ಅಂದರೆ ಇಬ್ಬರೂ ಮೊಬೈಲ್ ಹಿಡಿದು ಮೂಲೆ ಸೇರುತ್ತಾರೆ. ಹೇಗೆ ಹೊರಡಿಸಲಿ?
— ಒಬ್ಬ ತಂದೆ

ಉತ್ತರ: ವಾಕಿಂಗ್ ಅನ್ನಬೇಡಿ. ‘ಕತ್ತಲಾದ ಮೇಲೆ ಹೊರಗೆ ಹೋಗೋಣ ಬನ್ನಿ’ ಅನ್ನಿ. ಕತ್ತಲಲ್ಲಿ ಹೊರಗೆ ಹೋಗುವುದೆಂದರೆ ಮಕ್ಕಳಿಗೆ ತುಂಬಾ ಇಷ್ಟ. ಚಳಿಗಾಲದಲ್ಲಿ ಕತ್ತಲೆ ಬೇಗ ಬರುತ್ತದೆ, ನಿದ್ದೆಗೆಡಬೇಕಿಲ್ಲ.

ಡಿಸೆಂಬರ್ ಸಂಜೆ ಪೂರ್ವಕ್ಕೆ ತಿರುಗಿದರೆ ಒಂದೇ ಸಾಲಿನಲ್ಲಿ ಮೂರು ನಕ್ಷತ್ರ ಕಾಣುತ್ತವೆ. ಅದು ಮಹಾವ್ಯಾಧ (ಓರಿಯನ್) ಎಂಬ ನಕ್ಷತ್ರಪುಂಜದ ನಡುಪಟ್ಟಿ. ಆ ಸಾಲನ್ನು ಒಂದು ಕಡೆಗೆ ಎಳೆದರೆ ಕೆಂಪು ಛಾಯೆಯ ರೋಹಿಣಿ, ಇನ್ನೂ ಮುಂದೆ ಗೊಂಚಲಿನಂಥ ಕೃತ್ತಿಕೆ. ಇನ್ನೊಂದು ಕಡೆಗೆ ಎಳೆದರೆ ಲುಬ್ಧಕ, ರಾತ್ರಿಯ ಆಕಾಶದಲ್ಲೇ ಅತಿ ಹೊಳೆಯುವ ನಕ್ಷತ್ರ. ಅದು ಸುಮಾರು 8.6 ಜ್ಯೋತಿರ್ವರ್ಷ ದೂರದಲ್ಲಿದೆ. ಈಗ ಕಾಣುವ ಬೆಳಕು ಅಲ್ಲಿಂದ ಹೊರಟಿದ್ದು ನಿಮ್ಮ ಮಗಳು ಹುಟ್ಟಿದ ಆಸುಪಾಸಿನಲ್ಲಿ. ಅವಳಿಗೆ ಹೇಳಿ, ಮುಖ ನೋಡಿ.

ಡಿಸೆಂಬರ್ 13, 14ರ ಆಸುಪಾಸಿನ ರಾತ್ರಿ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಸುರಿಯುತ್ತವೆ. ಹೆಚ್ಚಿನ ಉಲ್ಕಾವರ್ಷಗಳಿಗೆ ಧೂಮಕೇತುವಿನ ಧೂಳು ಕಾರಣ. ಇದಕ್ಕೆ ಮಾತ್ರ 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹ. ಚಂದ್ರನಿಲ್ಲದ ರಾತ್ರಿಯಾದರೆ ಚಾಪೆ ಹಾಸಿ ಮಲಗಿ ನೋಡಿ. ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷವಾದರೂ ಬೇಕು, ನಡುವೆ ಮೊಬೈಲ್ ತೆರೆದರೆ ಮೊದಲಿನಿಂದ ಶುರು. ಇದನ್ನು ನೀವು ನಿಯಮ ಮಾಡಬೇಕಿಲ್ಲ, ಮಗನೇ ತಂಗಿಗೆ ಹೇಳುತ್ತಾನೆ.

ಪ್ರಶ್ನೆ: ಅಮ್ಮನಿಗೆ ಮಂಡಿ ನೋವು. ಅಪ್ಪ ಹೋದ ಮೇಲೆ ಮನೆಯಿಂದ ಹೊರಗೇ ಬರುತ್ತಿಲ್ಲ. ‘ನಡೆಯೋಕಾಗದವಳು ಬಂದು ಏನು ಮಾಡಲಿ’ ಅನ್ನುತ್ತಾರೆ. ಅವರನ್ನು ಹೊರಗೆ ಕರೆದುಕೊಂಡು ಹೋಗಬೇಕೆಂಬ ಆಸೆ.

ಉತ್ತರ: ಖಂಡಿತ ಕರೆದುಕೊಂಡು ಹೋಗಿ, ಕೂರಿಸಲು. ಬಿಸಿಲು ಬೀಳುವ, ಮರ ಹತ್ತಿರವಿರುವ ಒಂದು ಜಾಗ ಗೊತ್ತುಮಾಡಿ. ನಡೆಯುವವರಿಗೆ ಕಾಣದ್ದು ಕೂತವರಿಗೆ ಕಾಣುತ್ತದೆ. ನಾವು ಬಂದ ಕೂಡಲೇ ಹಕ್ಕಿಗಳು ದೂರ ಸರಿಯುತ್ತವೆ. ಅಲುಗಾಡದೆ ಕೂತರೆ ಸ್ವಲ್ಪ ಹೊತ್ತಿಗೆ ಮರಳುತ್ತವೆ. ಚಳಿಗಾಲದಲ್ಲಿ ಬೇರೆ ಬೇರೆ ಜಾತಿಯ ಪುಟ್ಟ ಹಕ್ಕಿಗಳು ಒಂದೇ ಗುಂಪಾಗಿ ಮೇಯುವುದುಂಟು. ಹುಳ ಹುಡುಕಲೂ ಸುಲಭ, ಗಿಡುಗ ಬಂದರೆ ನೋಡಲು ಕಣ್ಣುಗಳೂ ಜಾಸ್ತಿ. ಅಂಥ ಗುಂಪು ಒಂದು ಮರಕ್ಕೆ ಬಂತೆಂದರೆ ನಿಮ್ಮ ಅಮ್ಮ ತಾವಾಗಿಯೇ ‘ಅಗೋ ನೋಡು’ ಅಂದಾರು.

ಅಪ್ಪನ ಮಾತು ಬಂದರೆ ಬರಲಿ, ತಡೆಯಬೇಡಿ. ಹೊರಗೆ ಪಕ್ಕಪಕ್ಕ ಕೂತು ಎದುರಿನದನ್ನು ನೋಡುತ್ತಾ ಮಾತಾಡುವುದು ಮನೆಯೊಳಗೆ ಮುಖ ನೋಡಿ ಮಾತಾಡುವುದಕ್ಕಿಂತ ಸುಲಭ. ಮೊದಲ ಸಲ ಹದಿನೈದು ನಿಮಿಷ ಸಾಕು, ‘ಇನ್ನೂ ಸ್ವಲ್ಪ ಇರೋಣ’ ಎಂದು ಅವರೇ ಹೇಳುವ ತನಕ ಹೆಚ್ಚಿಸಬೇಡಿ. ಕಲ್ಲಿನ ಬೆಂಚು ಚಳಿಗಾಲದಲ್ಲಿ ಬಲು ತಣ್ಣಗಿರುತ್ತದೆ. ಮಡಚುವ ಕುರ್ಚಿಯೊಂದನ್ನು ಒಯ್ಯಿರಿ. ಕೊಳ್ಳುವುದಾದರೆ ಎರಡೂ ಕಡೆ ಕೈ ಇರುವಂಥದ್ದನ್ನೇ ಕೊಳ್ಳಿ, ಮಂಡಿ ನೋವಿನವರಿಗೆ ಏಳುವಾಗ ಊರಿಕೊಳ್ಳಲು ಅದು ಬೇಕಾಗುತ್ತದೆ.